ಕಡಲಿನ ಕಿವಿ: ಬಗೆಹರಿಯದ ಕೆಲವು ಟಿಪ್ಪಣಿಗಳು

ಡೆಸಿಬೆಲ್ ತಕರಾರು

ದೊಡ್ಡ ಸರಕು ಹಡಗು ನೀರಿನೊಳಗೆ 180ರಿಂದ 190 ಡೆಸಿಬೆಲ್ ಸದ್ದು ಮಾಡುತ್ತದೆ ಎಂದು ಓದಿದವರು ಹೌಹಾರುತ್ತಾರೆ. ನೆಲದ ಮೇಲೆ 120 ದಾಟಿದರೆ ನಮಗೆ ಕಿವಿ ನೋಯತೊಡಗುತ್ತದಲ್ಲ. ಆದರೆ ಹೌಹಾರುವ ಮೊದಲು ಕಳೆಯುವ ಲೆಕ್ಕವೊಂದಿದೆ. ಗಾಳಿಯಲ್ಲಿ ಡೆಸಿಬೆಲ್ ಅಳತೆ 20 ಮೈಕ್ರೋಪಾಸ್ಕಲ್ ಒತ್ತಡದಿಂದ ಶುರುವಾಗುತ್ತದೆ, ನೀರಿನಲ್ಲಿ 1 ಮೈಕ್ರೋಪಾಸ್ಕಲ್‌ನಿಂದ. ಅಲ್ಲೇ 26 ಡೆಸಿಬೆಲ್ ವ್ಯತ್ಯಾಸ. ನೀರು ಗಾಳಿಗಿಂತ ದಟ್ಟ, ಅದರಲ್ಲಿ ಸದ್ದಿನ ಓಟವೂ ಜೋರು. ಅದಕ್ಕೆಂದು ಇನ್ನೂ 36. ಒಟ್ಟು 62 ಕಳೆದರೆ ಮಾತ್ರ ನೆಲದ ಸದ್ದಿನ ಜೊತೆ ಹೋಲಿಸಬಹುದು.

ಕಳೆದ ಮೇಲೂ 120ರ ಆಸುಪಾಸು ಉಳಿಯುತ್ತದೆ, ಕಡಿಮೆಯೇನಲ್ಲ. ನನ್ನ ತಕರಾರು ಬೇರೆ. ಈ ಕಳೆಯುವಿಕೆಯೆಲ್ಲ ಮನುಷ್ಯನ ಕಿವಿಗೆ ಅರ್ಥವಾಗಲೆಂದು. ಡಾಲ್ಫಿನ್‌ಗೆ ಸದ್ದು ಕೆಳದವಡೆಯ ಕೊಬ್ಬಿನ ಮೂಲಕ ಒಳಗಿವಿ ಸೇರುತ್ತದೆ. ಮೀನಿಗೆ ಹೊರಗಿವಿಯೇ ಇಲ್ಲ, ತಲೆಯೊಳಗಿನ ಪುಟ್ಟ ಕಲ್ಲುಗಳು ಅಲುಗಿದರೆ ಅದೇ ಕೇಳಿಸಿದ ಹಾಗೆ. ಇವರಿಗೆಲ್ಲ ಎಷ್ಟೆಷ್ಟು ಕಳೆಯಬೇಕು?

ಹನ್ನೊಂದು ನಿಮಿಷದ ಮಾತು

ಕಡಲಿನಲ್ಲಿ 200 ಮೀಟರ್ ಇಳಿಯುವಷ್ಟರಲ್ಲಿ ಬೆಳಕು ಬಹುಪಾಲು ಸೋತಿರುತ್ತದೆ. 1000 ಮೀಟರ್ ಕೆಳಗೆ ಸೂರ್ಯನ ಸುಳಿವೇ ಇಲ್ಲ. ಸದ್ದು ಮಾತ್ರ ನೀರಿಗಿಳಿದರೆ ಚುರುಕಾಗುತ್ತದೆ: ಗಾಳಿಯಲ್ಲಿ ಸೆಕೆಂಡಿಗೆ 340 ಮೀಟರ್ ಓಡುವುದು ಇಲ್ಲಿ ಸುಮಾರು 1500 ಮೀಟರ್ ಓಡುತ್ತದೆ. 1960ರಲ್ಲಿ ಆಸ್ಟ್ರೇಲಿಯಾದ ಪರ್ತ್ ಆಚೆ ಕಡಲಾಳದಲ್ಲಿ ಸಿಡಿಸಿದ ಸ್ಫೋಟಕದ ಸದ್ದು ಸುಮಾರು 20 ಸಾವಿರ ಕಿಲೋಮೀಟರ್ ದೂರದ ಬರ್ಮುಡಾ ದ್ವೀಪದ ಬಳಿ ನಾಲ್ಕು ಗಂಟೆಯೊಳಗೆ ಕೇಳಿಸಿತು. ಕಡಲಿನ ನಡುವೆ ಸದ್ದಿನ ವೇಗ ಅತಿ ಕಡಿಮೆ ಇರುವ ಒಂದು ಪದರವಿದೆ. ಅಲ್ಲಿಂದ ಮೇಲಕ್ಕೋ ಕೆಳಕ್ಕೋ ಹೊರಟ ಸದ್ದು ಬಾಗಿ ಮತ್ತೆ ಅಲ್ಲಿಗೇ ಮರಳುತ್ತದೆ. ಹಾಗಾಗಿ ಚದುರಿಹೋಗದೆ ದೂರ ಸಾಗುತ್ತದೆ.

1971ರಲ್ಲಿ ರೋಜರ್ ಪೇನ್ ಮತ್ತು ಡಗ್ಲಸ್ ವೆಬ್ ಒಂದು ಲೆಕ್ಕ ಹಾಕಿದರು. ಪ್ರೊಪೆಲರ್ ಹಡಗುಗಳು ಬರುವ ಮುಂಚಿನ ಕಡಲಿನಲ್ಲಿ ಫಿನ್ ತಿಮಿಂಗಿಲದ ಕೂಗು ಸಾವಿರಾರು ಕಿಲೋಮೀಟರ್ ಸಾಗಬಹುದಿತ್ತು ಎಂಬುದು ಅವರ ತೀರ್ಮಾನ. ಸಾವಿರ ಕಿಲೋಮೀಟರ್ ದಾಟಲು ಕೂಗಿಗೆ ಹನ್ನೊಂದು ನಿಮಿಷ ಬೇಕು, ಉತ್ತರಕ್ಕೆ ಇನ್ನೊಂದು ಹನ್ನೊಂದು. ಇದನ್ನು ಮಾತುಕತೆ ಎನ್ನಬಹುದೇ? ಅನ್ನಬಹುದಾದರೆ, ಅದು ಕಡಿದುಹೋದದ್ದು ಯಾವ ವರ್ಷದಲ್ಲಿ? ಅದನ್ನು ಗುರುತು ಹಾಕಿಟ್ಟವರು ಯಾರೂ ಇಲ್ಲ, ಏಕೆಂದರೆ ಆಗ ಕೇಳುತ್ತಿದ್ದವರೇ ಇರಲಿಲ್ಲ.

ಯಂತ್ರವೆಂದು ತಿಳಿದದ್ದು

ಕೇಳತೊಡಗಿದವರು ಕೇಳಿದ್ದು ತಿಮಿಂಗಿಲಕ್ಕಾಗಿ ಅಲ್ಲ, ಸೋವಿಯತ್ ಜಲಾಂತರ್ಗಾಮಿಗಳಿಗಾಗಿ. ಅಮೆರಿಕದ ನೌಕಾಪಡೆ ಕಡಲತಳದಲ್ಲಿ ನೀರೊಳಗಿನ ಸದ್ದು ಹಿಡಿಯುವ ಹೈಡ್ರೋಫೋನ್‌ಗಳನ್ನು ಹಾಸಿದಾಗ 20 ಹರ್ಟ್ಸ್ ಆಸುಪಾಸಿನ ಮಿಡಿತವೊಂದು ಬಿಡದೆ ಕೇಳಿಸುತ್ತಿತ್ತು. ಜೀವಿಯೊಂದು ಮಾಡುವ ಸದ್ದು ಎಂದು ನಂಬಲಾಗದಷ್ಟು ಕ್ರಮಬದ್ಧ. ಕೊನೆಗೆ 1964ರಲ್ಲಿ ಶೆವಿಲ್, ವಾಟ್ಕಿನ್ಸ್ ಮತ್ತು ಬ್ಯಾಕಸ್ ಅದನ್ನು ಫಿನ್ ತಿಮಿಂಗಿಲಕ್ಕೆ ಜೋಡಿಸಿದರು.

ಹಡಗಿನ ಪ್ರೊಪೆಲರ್ ಅಲಗುಗಳ ಸುತ್ತ ನೀರು ಗುಳ್ಳೆಯಾಗಿ ಸಿಡಿಯುತ್ತದೆ. ಹಡಗಿನ ಗದ್ದಲದ ಬಹುಪಾಲು ಈ ಗುಳ್ಳೆಗಳದ್ದೇ. ಅದರ ಶಕ್ತಿ ಹೆಚ್ಚಾಗಿ ಕೂಡಿಕೊಳ್ಳುವುದು ನೂರಿನ್ನೂರು ಹರ್ಟ್ಸ್‌ಗಿಂತ ಕೆಳಗೆ, ಅಂದರೆ ದೊಡ್ಡ ತಿಮಿಂಗಿಲಗಳು ಮಾತಾಡುವ ಸ್ವರದಲ್ಲೇ. ದೂರ ಸಾಗುವ ಸ್ವರ ಅದೊಂದೇ ಆದ್ದರಿಂದ ತಿಮಿಂಗಿಲ ಅದನ್ನು ಆರಿಸಿಕೊಂಡಿತು. ಹಡಗು ಏನನ್ನೂ ಆರಿಸಿಕೊಂಡಿಲ್ಲ, ಸುಮ್ಮನೆ ಅಲ್ಲಿಗೆ ಬಂದು ಬಿದ್ದಿದೆ.

ಹದಿನಾರನೇ ಒಂದು

ಕ್ಯಾಲಿಫೋರ್ನಿಯಾ ತೀರದ ಸಾನ್ ನಿಕೊಲಾಸ್ ದ್ವೀಪದ ಬಳಿ 1964–66ರಲ್ಲಿ ಕಡಲ ಸದ್ದನ್ನು ಅಳೆದಿಟ್ಟಿದ್ದರು. ಮೆಕ್‌ಡೊನಾಲ್ಡ್, ಹಿಲ್ಡೆಬ್ರಾಂಡ್ ಮತ್ತು ವಿಗಿನ್ಸ್ 2003–04ರಲ್ಲಿ ಅದೇ ಜಾಗದಲ್ಲಿ ಮತ್ತೆ ಅಳೆದರು. 30ರಿಂದ 50 ಹರ್ಟ್ಸ್ ನಡುವೆ 10ರಿಂದ 12 ಡೆಸಿಬೆಲ್ ಏರಿಕೆ. ಸಂಖ್ಯೆ ಸಣ್ಣದು, ಆದರೆ ಡೆಸಿಬೆಲ್ ಹಾಗೇ ಮೋಸ ಮಾಡುವುದು. ಮೂರು ಏರಿದರೆ ಶಕ್ತಿ ಎರಡು ಪಟ್ಟು, ಹತ್ತು ಏರಿದರೆ ಹತ್ತು ಪಟ್ಟು.

ನನ್ನ ಒರಟು ಲೆಕ್ಕ: ಸದ್ದು ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂದಿಟ್ಟುಕೊಂಡರೆ, ಹಿನ್ನೆಲೆಯ ಗದ್ದಲ 12 ಡೆಸಿಬೆಲ್ ಏರಿದಾಗ ಕೂಗು ಕೇಳಿಸುವ ದೂರ ಕಾಲು ಭಾಗಕ್ಕೆ ಇಳಿಯುತ್ತದೆ. ದೂರ ಕಾಲು ಭಾಗವಾದರೆ ಕೇಳಿಸುವ ಹರವು ಹದಿನಾರನೇ ಒಂದು ಪಾಲು. ನಿಜವಾದ ಕಡಲು ಇಷ್ಟು ಸರಳವಲ್ಲ, ಪದರಗಳೂ ತಳವೂ ಲೆಕ್ಕವನ್ನು ತಿರುಚುತ್ತವೆ. ಆದರೂ, ಯಾರೂ ಸಾಯದೆ, ಒಂದು ಹನಿ ರಕ್ತ ಬೀಳದೆ, ಪ್ರಾಣಿಯೊಂದರ ಲೋಕದಲ್ಲಿ ಹದಿನೈದು ಪಾಲು ಹೋಗಿಬಿಡಬಹುದು ಎಂಬುದು ಇಷ್ಟರಿಂದಲೇ ತಿಳಿಯುತ್ತದೆ.

ಏರಿಸಿದವರು, ಇಳಿಸಿದವರು, ಸುಮ್ಮನಾದವರು

ಜಾತ್ರೆಯಲ್ಲಿ ಧ್ವನಿವರ್ಧಕದ ಕೆಳಗೆ ನಿಂತವರು ತಮಗೇ ತಿಳಿಯದೆ ಕಿರುಚಿ ಮಾತಾಡುತ್ತಾರೆ. ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ಡ್ 1911ರಲ್ಲಿ ಇದನ್ನು ಗುರುತಿಸಿದ. ಅಮೆರಿಕದ ವಾಯವ್ಯ ತೀರದ ಓರ್ಕಾಗಳು ಹೀಗೇ ಮಾಡುತ್ತವೆ: ದೋಣಿಗಳ ಸದ್ದು ಒಂದು ಡೆಸಿಬೆಲ್ ಏರಿದರೆ ಅವುಗಳ ಕೂಗೂ ಹೆಚ್ಚುಕಡಿಮೆ ಒಂದು ಡೆಸಿಬೆಲ್ ಏರುತ್ತದೆ. ಅಟ್ಲಾಂಟಿಕ್‌ನ ರೈಟ್ ತಿಮಿಂಗಿಲಗಳ ಕೂಗು ದಶಕಗಳಲ್ಲಿ ಮೇಲಿನ ಸ್ವರಕ್ಕೆ ಸರಿದಿದೆ, ಗದ್ದಲದ ಮಟ್ಟದಿಂದ ತಲೆ ಎತ್ತಿ ಉಸಿರಾಡುವಂತೆ. ಇಲ್ಲಿಯವರೆಗೆ ಎಲ್ಲ ಸರಿ.

ಆಮೇಲೆ ನೀಲಿ ತಿಮಿಂಗಿಲ ಬಂದು ಎಲ್ಲ ಕೆಡಿಸುತ್ತದೆ. 1960ರ ದಶಕದಿಂದ ಜಗತ್ತಿನಾದ್ಯಂತ ನೀಲಿ ತಿಮಿಂಗಿಲಗಳ ಹಾಡಿನ ಸ್ವರ ಇಳಿಯುತ್ತಿದೆ ಎಂದು 2009ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಕ್ಯಾಲಿಫೋರ್ನಿಯಾ ತೀರದಲ್ಲಿ ಸುಮಾರು 31 ಶೇಕಡಾ ಇಳಿಕೆ. ಗದ್ದಲ ತಪ್ಪಿಸಿಕೊಳ್ಳಲು ಏರಬೇಕಾದವರು ಇಳಿಯುವುದೇಕೆ? ಬೇಟೆ ನಿಂತು ಸಂಖ್ಯೆ ಹೆಚ್ಚಿದ ಮೇಲೆ ದೂರಕ್ಕೆ ಕೂಗುವ ತುರ್ತು ಕಡಿಮೆಯಾಯಿತು, ಆದ್ದರಿಂದ ಸಣ್ಣ ದನಿಯಲ್ಲಿ ಕೆಳಗಿನ ಸ್ವರದಲ್ಲಿ ಹಾಡುತ್ತವೆ ಎಂಬುದು ಒಂದು ಊಹೆ. ಒಬ್ಬರನ್ನೊಬ್ಬರು ಅನುಕರಿಸುತ್ತಾ ಇಳಿದಿವೆ ಎಂಬುದು ಇನ್ನೊಂದು. ಎಲ್ಲರನ್ನೂ ಒಪ್ಪಿಸಿದ ವಿವರಣೆ ಇಲ್ಲ.

ಗೂನು ತಿಮಿಂಗಿಲ ಇನ್ನೂ ವಿಚಿತ್ರ. ಆಸ್ಟ್ರೇಲಿಯಾದ ಪೂರ್ವ ತೀರದಲ್ಲಿ ಗಾಳಿಯ ಸದ್ದು ಜೋರಾದರೆ ಅದು ದನಿ ಏರಿಸುತ್ತದೆ, ಹಡಗಿನ ಸದ್ದಿಗೆ ಏರಿಸುವುದಿಲ್ಲ. ಲಕ್ಷಾಂತರ ವರ್ಷಗಳಿಂದ ಗಾಳಿಯ ಪರಿಚಯವಿದೆ, ಎಂಜಿನ್ ಮೊನ್ನೆ ಮೊನ್ನೆ ಬಂದದ್ದು ಎಂಬ ಕಾರಣವಿರಬಹುದೇ? ಜಪಾನಿನ ಒಗಸವಾರಾ ದ್ವೀಪಗಳಲ್ಲಿ ಟೋಕಿಯೋದಿಂದ ಬರುವ ಒಂದೇ ಒಂದು ಪ್ರಯಾಣಿಕ ಹಡಗನ್ನು ಇಟ್ಟುಕೊಂಡು ಸಂಶೋಧಕರು ಗಮನಿಸಿದರು. ಹಡಗು ಹತ್ತಿರ ಬಂದಾಗ ಗೂನು ತಿಮಿಂಗಿಲಗಳು ಸ್ವರ ಬದಲಿಸಲಿಲ್ಲ, ಹಾಡುವುದನ್ನೇ ನಿಲ್ಲಿಸಿದವು.

ಇದು ನನ್ನನ್ನು ಹೆಚ್ಚು ಕಾಡಿದ ಸಂಗತಿ. ಕಿರುಚಿದವರನ್ನು ಅಳೆಯಬಹುದು. ಸುಮ್ಮನಾದವರನ್ನು ಅಳೆಯಲು, ಅವರು ಮುಂಚೆ ಹಾಡುತ್ತಿದ್ದರು ಎಂಬುದು ಮೊದಲೇ ಗೊತ್ತಿರಬೇಕು.

2001ರ ಸೆಪ್ಟೆಂಬರ್

ಕೆನಡಾದ ಫಂಡಿ ಕೊಲ್ಲಿಯಲ್ಲಿ ಆ ವರ್ಷ ಎರಡು ಬೇರೆ ಬೇರೆ ಕೆಲಸ ನಡೆಯುತ್ತಿತ್ತು. ಒಂದು ಕಡೆ ರೈಟ್ ತಿಮಿಂಗಿಲಗಳ ಕೂಗಿನ ಧ್ವನಿಮುದ್ರಣ. ಇನ್ನೊಂದು ಕಡೆ ಅವುಗಳ ಲದ್ದಿ ಸಂಗ್ರಹ. ತೇಲುವ ಲದ್ದಿಯಲ್ಲಿ ಹಾರ್ಮೋನುಗಳ ಕುರುಹು ಸಿಗುತ್ತದೆ. ಸೆಪ್ಟೆಂಬರ್ 11ರ ದಾಳಿಯ ನಂತರ ಹಡಗು ಸಂಚಾರ ಇದ್ದಕ್ಕಿದ್ದಂತೆ ಇಳಿಯಿತು. ಕೊಲ್ಲಿಯ ಸದ್ದು 6 ಡೆಸಿಬೆಲ್ ಕಡಿಮೆಯಾಯಿತು, ಅಂದರೆ ಶಕ್ತಿ ಕಾಲು ಭಾಗಕ್ಕೆ ಬಂತು.

ವರ್ಷಗಳ ನಂತರ ರೋಸಲಿಂಡ್ ರೋಲಂಡ್ ಮತ್ತು ಸಂಗಡಿಗರು ಎರಡೂ ದಾಖಲೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಆ ದಿನಗಳ ಲದ್ದಿಯಲ್ಲಿ ಒತ್ತಡದ ಹಾರ್ಮೋನಿನ ಮಟ್ಟ ಇಳಿದಿತ್ತು. ಮುಂದಿನ ವರ್ಷಗಳಲ್ಲಿ ಅದೇ ಹೊತ್ತಿಗೆ ಹಾಗೆ ಇಳಿಯಲಿಲ್ಲ. 2012ರಲ್ಲಿ ಫಲಿತಾಂಶ ಪ್ರಕಟವಾಯಿತು.

ಇಂಥ ಪ್ರಯೋಗವನ್ನು ಯಾರೂ ಯೋಜಿಸಲಾರರು. ಯೋಜಿಸಿದರೂ ಜಗತ್ತಿನ ಹಡಗುಗಳನ್ನು ನಿಲ್ಲಿಸಿ ಎಂದರೆ ಯಾರು ಕೇಳುತ್ತಾರೆ? ಮತ್ತೆ ಮತ್ತೆ ಓದಿದ ಮೇಲೆ ನನಗೆ ಕಂಡದ್ದು ಇಷ್ಟು: ಇದರ ಬೆಲೆ ಇರುವುದು ಸೆಪ್ಟೆಂಬರ್ 11ರ ನಂತರದ ಅಳತೆಯಲ್ಲಿ ಅಲ್ಲ, ಅದರ ಮುಂಚಿನ ಅಳತೆಯಲ್ಲಿ. ಹಿಂದಿನ ವಾರಗಳ ಲದ್ದಿ ಮತ್ತು ಸದ್ದು ಕೈಯಲ್ಲಿಲ್ಲದಿದ್ದರೆ ‘ತಿಮಿಂಗಿಲಗಳು ಆರಾಮವಾಗಿವೆ’ ಎಂದು ಹೇಳಿ ಮುಗಿಸಬಹುದಿತ್ತು. ಇನ್ನೊಂದು ಮಾತೂ ಇದೆ. ಅಲ್ಲಿಯವರೆಗೆ ಸಹಜ ಎಂದುಕೊಂಡಿದ್ದ ಮಟ್ಟವೇ ಒತ್ತಡದ ಮಟ್ಟವಾಗಿತ್ತು.

ಮೂರು ಕಿಲೋಮೀಟರ್ ಮುಳುಗುವವನಿಗೆ ಮುಳುಗುಗಾರನ ಕಾಯಿಲೆ

ಕೂವಿಯೆ ಕೊಕ್ಕಿನ ತಿಮಿಂಗಿಲ 2992 ಮೀಟರ್ ಆಳಕ್ಕೆ ಇಳಿದ ದಾಖಲೆಯಿದೆ. ಉಸಿರು ಕಟ್ಟಿ 3 ಗಂಟೆ 42 ನಿಮಿಷ ಇದ್ದ ದಾಖಲೆಯೂ ಇದೆ. ಇಂಥ ಪ್ರಾಣಿ, ಜಲಾಂತರ್ಗಾಮಿ ಹುಡುಕಲು ನೌಕಾಪಡೆ ಬಿಡುವ ಸೋನಾರ್ ಸದ್ದಿಗೆ ದಡಕ್ಕೆ ಬಂದು ಸಾಯುತ್ತದೆ. 2000ದ ಮಾರ್ಚ್‌ನಲ್ಲಿ ಬಹಾಮಾಸ್‌ನಲ್ಲಿ 17 ತಿಮಿಂಗಿಲ-ಡಾಲ್ಫಿನ್‌ಗಳು ದಡ ಸೇರಿದವು. ಹೆಚ್ಚಿನವು ಕೊಕ್ಕಿನ ತಿಮಿಂಗಿಲಗಳು. ಮರುವರ್ಷ ಅಮೆರಿಕದ ನೌಕಾಪಡೆಯೇ ತನ್ನ ಸೋನಾರ್ ಕಾರಣವಿರಬೇಕೆಂದು ವರದಿಯಲ್ಲಿ ಒಪ್ಪಿತು. 2002ರಲ್ಲಿ ಕೆನರಿ ದ್ವೀಪಗಳಲ್ಲಿ ನೌಕಾ ಅಭ್ಯಾಸದ ಹೊತ್ತಿಗೆ 14 ಕೊಕ್ಕಿನ ತಿಮಿಂಗಿಲಗಳು ದಡಕ್ಕೆ ಬಂದವು; ಅವುಗಳ ದೇಹದೊಳಗೆ ಅನಿಲದ ಗುಳ್ಳೆಗಳ ಗಾಯಗಳಿದ್ದವು. ಆಳದಿಂದ ಆತುರದಲ್ಲಿ ಮೇಲೆ ಬಂದ ಮುಳುಗುಗಾರರಿಗೆ ಆಗುವ ಕಾಯಿಲೆಯ ಲಕ್ಷಣ.

ಸೋನಾರ್ ಕಿವಿ ಹರಿಯುವಷ್ಟು ಹತ್ತಿರದಲ್ಲಿರಬೇಕೆಂದಿಲ್ಲ. ಭಯವೇ ಸಾಕು. 2022ರಲ್ಲಿ ಪ್ರಕಟವಾದ ನಾರ್ವೆ ಕಡೆಯ ಪ್ರಯೋಗದಲ್ಲಿ ನಾಲ್ಕು ಜಾತಿಯ ತಿಮಿಂಗಿಲಗಳಿಗೆ ಓರ್ಕಾದ ಕೂಗನ್ನೂ ಸೋನಾರ್ ಸದ್ದನ್ನೂ ಕೇಳಿಸಿದರು. ಬೇಟೆಗಾರನ ಕೂಗಿಗೆ ಆಹಾರ ಹುಡುಕುವುದನ್ನು ಹೆಚ್ಚು ಬಿಟ್ಟ ಜಾತಿಯೇ ಸೋನಾರ್‌ಗೂ ಹೆಚ್ಚು ಬಿಟ್ಟಿತು. ಅಂದರೆ ಯಂತ್ರದ ಸದ್ದಿನಲ್ಲಿ ಅವಕ್ಕೆ ಹಲ್ಲು ಕಾಣಿಸುತ್ತದೆ.

2004ರಲ್ಲಿ ಸ್ಪೇನ್ ಕೆನರಿ ಸುತ್ತ ಸೋನಾರ್ ನಿಷೇಧಿಸಿತು. ನಂತರ ಅಲ್ಲಿ ಅಂಥ ಸಾಮೂಹಿಕ ಸಾವು ಕಂಡುಬಂದಿಲ್ಲ. ಗೊಂದಲಗಳ ನಡುವೆ ಹೀಗೆ ನೇರ ಉತ್ತರ ಸಿಗುವುದು ಅಪರೂಪ.

ಮಲ್ಪೆಯ ದಕ್ಕೆಯಲ್ಲಿ

ಎಂಜಿನ್ ಸದ್ದಿಗೆ ಮೀನು ಏನು ಮಾಡುತ್ತದೆ ಎಂದು ಬೋಟು ನಡೆಸುವ ಹಿರಿಯ ತಾಂಡೇಲರೊಬ್ಬರನ್ನು ಕೇಳಿದೆ. ‘ಬೋಟು ಮೇಲೆ ಬಂತು ಅಂದ್ರೆ ಮೀನು ಅಡಿಗೆ ಹೋಗ್ತದೆ ಮಾರಾಯ್ರೆ. ಅದೆಲ್ಲ ನಮಗೆ ಗೊತ್ತುಂಟು. ಹಾಗಂತ ಇಂಜಿನ್ ಬಂದ್ ಮಾಡಿ ಮೀನು ಹಿಡೀಲಿಕ್ಕೆ ಆಗ್ತದಾ?’

ವಿಜ್ಞಾನಿಗಳಿಗೂ ಇದೇ ತಲೆನೋವು. ಮೀನು ಎಣಿಸಲು ಹೋದ ಸಂಶೋಧನಾ ಹಡಗೇ ಮೀನನ್ನು ಓಡಿಸಿದರೆ ಎಣಿಕೆಗೆ ಅರ್ಥವೇನು? 1995ರಲ್ಲಿ ಅಂತರರಾಷ್ಟ್ರೀಯ ಸಮುದ್ರ ಸಂಶೋಧನಾ ಮಂಡಳಿ ಇಂಥ ಹಡಗುಗಳ ಸದ್ದಿಗೆ ಮಿತಿ ಸೂಚಿಸಿತು. ಕೋಟಿಗಟ್ಟಲೆ ಸುರಿದು ಮೌನದ ಹಡಗುಗಳನ್ನು ಕಟ್ಟಿದರು. ನಾರ್ವೆಯಲ್ಲಿ ಅಂಥ ಹೊಸ ಹಡಗನ್ನೂ ಹಳೆಯ ಗಲಾಟೆಯ ಹಡಗನ್ನೂ ಹೆರಿಂಗ್ ಮೀನಿನ ಹಿಂಡಿನ ಮೇಲೆ ಓಡಿಸಿ ನೋಡಿದಾಗ, ಮೀನು ಹೆಚ್ಚು ಬೆದರಿದ್ದು ಮೌನದ ಹಡಗಿಗೆ! 2007ರ ಆ ವರದಿ ಓದಿ ನಾನು ನಕ್ಕುಬಿಟ್ಟೆ. ನಾವು ಕಡಿಮೆ ಮಾಡಿದ ಸದ್ದು ಯಾವುದು, ಮೀನು ಕೇಳುವ ಸದ್ದು ಯಾವುದು?

ಮೀನಿಗೆ ಏನೂ ಆಗುವುದಿಲ್ಲ ಎನ್ನುವಂತೆಯೂ ಇಲ್ಲ. ಬ್ಯಾರೆಂಟ್ಸ್ ಸಮುದ್ರದಲ್ಲಿ ತೈಲ ಹುಡುಕುವ ಏರ್‌ಗನ್ ಸಿಡಿಸಿದಾಗ ಕಾಡ್ ಮತ್ತು ಹ್ಯಾಡಕ್ ಮೀನಿನ ಹಿಡಿತ ಸರಾಸರಿ ಅರ್ಧಕ್ಕೆ ಬಿತ್ತು. ಸಿಡಿಸುವುದು ನಿಂತ ಐದು ದಿನಗಳ ನಂತರವೂ ಅದು ಮೊದಲಿನಂತಾಗಲಿಲ್ಲ. ಇದು 1996ರ ವರದಿ. ಆ ಮೀನುಗಳು ಎಲ್ಲಿಗೆ ಹೋದವು ಎಂದು ನಮ್ಮ ತಾಂಡೇಲರನ್ನು ಕೇಳಿದರೆ ಏನೆನ್ನುತ್ತಿದ್ದರೋ.

ಇನ್ನೊಂದು ಅನುಮಾನ. ಬೋಟುಗಳಲ್ಲಿರುವ ಫಿಶ್ ಫೈಂಡರ್ ಕೂಡ ಸದ್ದು ಬಿಟ್ಟೇ ಮೀನು ಹುಡುಕುವುದು, ಸಾಮಾನ್ಯವಾಗಿ 50 ಅಥವಾ 200 ಕಿಲೋಹರ್ಟ್ಸ್‌ನಲ್ಲಿ. ಎರಡೂ ನಮಗೆ ಕೇಳಿಸದು. ಡಾಲ್ಫಿನ್ ಸುಮಾರು 150ರವರೆಗೆ ಕೇಳಬಲ್ಲದು, ಹಾಗಾಗಿ 50 ಅದಕ್ಕೆ ಸ್ಪಷ್ಟ. ಜೂನ್ 1ರಿಂದ 61 ದಿನ ಯಾಂತ್ರಿಕ ಬೋಟುಗಳೆಲ್ಲ ದಕ್ಕೆಯಲ್ಲಿ ಕಟ್ಟಿಹಾಕಿಕೊಂಡಿರುತ್ತವೆ. ಆಗ ಕರಾವಳಿಯ ನೀರು ಎಷ್ಟು ನಿಶ್ಶಬ್ದವಾಗುತ್ತದೆ? ಮಳೆ, ಗಾಳಿ, ಅಲೆಗಳ ಅಬ್ಬರ ಆಗಲೇ ಜೋರು. ನವಮಂಗಳೂರು ಬಂದರಿನ ಹಡಗುಗಳಿಗೆ ರಜೆಯೂ ಇಲ್ಲ.

ಕಿವಿಯೇ ಇಲ್ಲದವರು

ಬೊಂಡಾಸ್ ಎಂಬ ಸ್ಕ್ವಿಡ್‌ಗೆ ಕಿವಿ ಇಲ್ಲ, ಸಮತೋಲನ ಕಾಯುವ ಪುಟ್ಟ ಚೀಲವಿದೆ. ಬಾರ್ಸಿಲೋನಾದ ಮಿಷೆಲ್ ಆಂದ್ರೆ ಮತ್ತು ಸಂಗಡಿಗರು ಕೆಳಸ್ವರದ ಸದ್ದು ಕೇಳಿಸಿದಾಗ ಆ ಚೀಲದೊಳಗಿನ ಕೂದಲು ಕೋಶಗಳು ಹಾಳಾದದ್ದನ್ನು 2011ರಲ್ಲಿ ತೋರಿಸಿದರು. ಟಾಸ್ಮೇನಿಯಾದಲ್ಲಿ ಏರ್‌ಗನ್ ಹಾದುಹೋದ ಮೇಲೆ ಸೂಕ್ಷ್ಮ ಪ್ರಾಣಿಪ್ಲವಕಗಳಲ್ಲಿ ಸತ್ತವುಗಳ ಪ್ರಮಾಣ ಎರಡು-ಮೂರು ಪಟ್ಟಾಯಿತು, ಪರಿಣಾಮ 1.2 ಕಿಲೋಮೀಟರ್‌ವರೆಗೂ ಕಂಡಿತು. ಇದು 2017ರ ವರದಿ. 2021ರಲ್ಲಿ ಮೆಡಿಟರೇನಿಯನ್ನಿನ ಪೊಸಿಡೋನಿಯಾ ಎಂಬ ಕಡಲಹುಲ್ಲಿನ ಸರದಿ: ಗುರುತ್ವ ಅರಿಯಲು ಬೇರಿನಲ್ಲಿರುವ ಪಿಷ್ಟದ ಕಣಗಳಿಗೇ ಸದ್ದಿನಿಂದ ಹಾನಿ. ಹುಲ್ಲಿಗೆ ಸದ್ದು ತಟ್ಟುತ್ತದೆ ಎಂದಾದ ಮೇಲೆ ಯಾರನ್ನು ಪಟ್ಟಿಯಿಂದ ಬಿಡುವುದು?

ಗಂಗೆ, ಗೋವಾ

ಗಂಗಾ ಡಾಲ್ಫಿನ್ ಕಣ್ಣಿದ್ದೂ ಕುರುಡು, ಕ್ಲಿಕ್ ಸದ್ದಿನ ಪ್ರತಿಧ್ವನಿಯೇ ಅದರ ನೋಟ. ಬಿಹಾರದ ಗಂಗೆಯಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನ, ಯಾಂತ್ರಿಕ ಹಡಗುಗಳ ಸದ್ದಿನಲ್ಲಿ ಅದರ ಕ್ಲಿಕ್ಕುಗಳ ರೀತಿ ಬದಲಾಗುವುದನ್ನು, ಬೇಸಿಗೆಯಲ್ಲಿ ನೀರು ಇಳಿದಾಗ ಕಷ್ಟ ಇನ್ನೂ ಹೆಚ್ಚುವುದನ್ನು ದಾಖಲಿಸಿತು. ಅದೇ ನದಿ ರಾಷ್ಟ್ರೀಯ ಜಲಮಾರ್ಗ 1. ಅದೇ ಡಾಲ್ಫಿನ್ ರಾಷ್ಟ್ರೀಯ ಜಲಚರ. ಎರಡು ರಾಷ್ಟ್ರೀಯಗಳು ಒಂದೇ ನೀರಿನಲ್ಲಿ.

ಅರಬ್ಬೀ ಸಮುದ್ರದ ಗೂನು ತಿಮಿಂಗಿಲಗಳು ಉಳಿದೆಡೆಯವುಗಳಂತೆ ಧ್ರುವದ ಕಡೆಗೆ ವಲಸೆ ಹೋಗುವುದಿಲ್ಲ, ಇಲ್ಲೇ ಉಳಿಯುತ್ತವೆ. 1965–66ರಲ್ಲಿ ಸೋವಿಯತ್ ಬೇಟೆ ಹಡಗುಗಳು ಈ ಸಮುದ್ರದಲ್ಲಿ 242ನ್ನು ಕೊಂದವು. ಒಮಾನ್ ತೀರದಲ್ಲಿ ಈಗ ನೂರಕ್ಕೂ ಕಡಿಮೆ ಎಂಬ ಅಂದಾಜು. ಗೋವಾದ ಗ್ರಾಂಡೆ ದ್ವೀಪದ ಬಳಿ ಆಳವಿಲ್ಲದ ನೀರಿನಲ್ಲಿ ಇಳಿಬಿಟ್ಟ ಮುದ್ರಣಯಂತ್ರಕ್ಕೆ ಇವುಗಳ ಹಾಡು ಸಿಕ್ಕಿತು. ಲಕ್ಷದ್ವೀಪದ ಕವರತ್ತಿಯ ಬಳಿ ಸಂಶೋಧಕಿ ದಿವ್ಯಾ ಪಣಿಕ್ಕರ್ ಇಟ್ಟ ಯಂತ್ರಗಳಿಗೆ ನೀಲಿ ತಿಮಿಂಗಿಲ ಸಿಕ್ಕಿತು. ಕಾರವಾರದಿಂದ ಗ್ರಾಂಡೆ ದ್ವೀಪ ನೂರು ಕಿಲೋಮೀಟರೂ ಇಲ್ಲ. ಹಾಡಿಗೆ ರಾಜ್ಯದ ಗಡಿ ಗೊತ್ತಿರಲಾರದು.

ಕಾನೂನಿನ ಹೊರಗೆ

ನಮ್ಮ 2000ದ ಶಬ್ದ ಮಾಲಿನ್ಯ ನಿಯಮಗಳಲ್ಲಿ ನಾಲ್ಕು ವಲಯಗಳಿವೆ: ಕೈಗಾರಿಕೆ, ವಾಣಿಜ್ಯ, ವಸತಿ, ನಿಶ್ಶಬ್ದ. ಕಡಲು ಯಾವುದರೊಳಗೂ ಇಲ್ಲ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದಕ್ಕೆ ಭಾರತವೂ 1995ರಲ್ಲಿ ಸೇರಿತು. ಅದರ ಪ್ರಕಾರ ಕಡಲಿಗೆ ಹಾನಿಯಾಗುವಂತೆ ವಸ್ತುವನ್ನಷ್ಟೇ ಅಲ್ಲ, ‘ಶಕ್ತಿ’ಯನ್ನು ಸೇರಿಸಿದರೂ ಮಾಲಿನ್ಯವೇ. ಸದ್ದು ಶಕ್ತಿಯಲ್ಲದೆ ಇನ್ನೇನು? ಅಂತರರಾಷ್ಟ್ರೀಯ ಕಡಲ ಸಂಸ್ಥೆ 2014ರಲ್ಲಿ ಹಡಗುಗಳ ಸದ್ದು ತಗ್ಗಿಸಲು ಮಾರ್ಗಸೂಚಿ ತಂದು 2023ರಲ್ಲಿ ಪರಿಷ್ಕರಿಸಿತು. ಪಾಲಿಸುವುದು ಹಡಗಿನವರ ಇಷ್ಟ.

ಇದು ವಿಚಿತ್ರ ಮಾಲಿನ್ಯ. ಪ್ಲಾಸ್ಟಿಕ್ ಶತಮಾನಗಟ್ಟಲೆ ಉಳಿಯುತ್ತದೆ, ಸದ್ದು ಎಂಜಿನ್ ನಿಂತ ಕ್ಷಣ ಹೋಗುತ್ತದೆ. ಔಷಧಿಯೂ ಅಗ್ಗ. ಹಡಗುಗಳ ವೇಗ ಹತ್ತು ಶೇಕಡಾ ಇಳಿಸಿದರೆ ಒಟ್ಟು ಸದ್ದಿನ ಶಕ್ತಿ ಸುಮಾರು 40 ಶೇಕಡಾ ಇಳಿಯುತ್ತದೆ ಎಂಬ ಅಂದಾಜಿದೆ, ಇಂಧನವೂ ಉಳಿಯುತ್ತದೆ. ವ್ಯಾಂಕೂವರ್ ಬಂದರು 2017ರಿಂದ ಓರ್ಕಾಗಳಿಗಾಗಿ ಹಡಗುಗಳನ್ನು ನಿಧಾನ ಮಾಡಿಸುತ್ತಿದೆ. ಜರ್ಮನಿಯ ಕಡಲಿನಲ್ಲಿ ಗಾಳಿಯಂತ್ರದ ಕಂಬ ಬಡಿಯುವಾಗ 750 ಮೀಟರ್ ದೂರದಲ್ಲಿ ಸದ್ದು 160 ಡೆಸಿಬೆಲ್ ಮೀರುವಂತಿಲ್ಲ. ಅದಕ್ಕಾಗಿ ಕಂಬದ ಸುತ್ತ ತಳದಿಂದ ಗಾಳಿಗುಳ್ಳೆಗಳ ಪರದೆ ಎಬ್ಬಿಸುತ್ತಾರೆ. ದಾರಿ ಗೊತ್ತಿಲ್ಲದೆ ನಿಂತಿಲ್ಲ ಎಂಬುದೇ ಗೊಂದಲದ ಮೇಲಿನ ಗೊಂದಲ.

ಮೊದಲು ಅಳತೆ

ಎಲ್ಲ ಟಿಪ್ಪಣಿಗಳನ್ನು ಒಟ್ಟಿಗೆ ಓದಿದಾಗ ಒಂದು ಎಳೆ ಕಾಣುತ್ತದೆ. ಸಾನ್ ನಿಕೊಲಾಸ್‌ನ ಏರಿಕೆ ತಿಳಿದದ್ದು 1960ರ ದಶಕದಲ್ಲಿ ಯಾರೋ ಅಳೆದಿಟ್ಟಿದ್ದರಿಂದ. ಫಂಡಿಯ ನೆಮ್ಮದಿ ತಿಳಿದದ್ದು ಮುಂಚಿನ ಲದ್ದಿಯಿಂದ. ಒಗಸವಾರಾದ ಮೌನ ತಿಳಿದದ್ದು ಹಡಗು ಬರುವ ಮುಂಚಿನ ಹಾಡಿನಿಂದ. ಸದ್ದಿನ ಹಾನಿ ಹೆಚ್ಚಾಗಿ ಹೆಣವಾಗಿ ದಡಕ್ಕೆ ಬರುವುದಿಲ್ಲ. ಹಾಡದ ಹಾಡು, ಸಿಗದ ಸಂಗಾತಿ, ಬಿಟ್ಟುಹೋದ ಊಟ, ಇವೇ ಅದರ ರೂಪ. ನಡೆಯದೇ ಹೋದದ್ದನ್ನು ಎಣಿಸಬೇಕಾದರೆ, ನಡೆಯುತ್ತಿದ್ದಾಗಲೇ ಯಾರಾದರೂ ಕಿವಿಗೊಟ್ಟಿರಬೇಕು.

ಕರ್ನಾಟಕದ ಕರಾವಳಿಯಲ್ಲಿ ಹೊನ್ನಾವರದ ಕಾಸರಕೋಡು, ಅಂಕೋಲೆಯ ಕೇಣಿ ಎಂದು ಹೊಸ ಬಂದರುಗಳ ಮಾತು ನಡೆದೇ ಇದೆ. ಬಂದರು ಬೇಕೋ ಬೇಡವೋ ಎಂಬ ಜಗಳದಲ್ಲಿ ಉದ್ಯೋಗ, ಮೀನುಗಾರರ ನೆಲೆ, ಕಡಲ್ಕೊರೆತ ಎಲ್ಲವೂ ಬರುತ್ತವೆ, ಬರಲೇಬೇಕು. ಅದರ ಜೊತೆ ನನ್ನದೊಂದು ಸಣ್ಣ ಬೇಡಿಕೆ: ಮೊದಲ ಕಂಬ ಬಡಿಯುವ ಮುನ್ನ, ಒಂದು ಮಳೆಗಾಲದಿಂದ ಇನ್ನೊಂದು ಮಳೆಗಾಲದವರೆಗೆ, ಆ ನೀರಿನಲ್ಲಿ ಹೈಡ್ರೋಫೋನ್ ಇಳಿಬಿಟ್ಟು ಒಂದು ಪೂರ್ತಿ ವರ್ಷದ ಸದ್ದನ್ನು ದಾಖಲಿಸಿ, ಎಲ್ಲರಿಗೂ ಸಿಗುವಂತೆ ಇಡಿ. ಬಂದರಿನ ಖರ್ಚಿನಲ್ಲಿ ಅದು ಲೆಕ್ಕಕ್ಕೇ ಬಾರದ ಮೊತ್ತ. ನಾಳೆ ಯಾರಾದರೂ ‘ಕಡಲಿಗೆ ಏನೂ ಆಗಿಲ್ಲ’ ಎಂದರೆ, ‘ಯಾವುದಕ್ಕೆ ಹೋಲಿಸಿ ಹೇಳುತ್ತೀರಿ?’ ಎಂದು ಕೇಳಲು ಆಗ ನಮ್ಮ ಕೈಯಲ್ಲೊಂದು ದಾಖಲೆ ಇರುತ್ತದೆ.